ಕೆಮ್ಮಣ್ಣಿನಲ್ಲಿ ಗಾಳ ಕಲಿತದ್ದು

ಕೋಲು ಬಂದದ್ದು ಸಾಲದ ಬಾಬ್ತು.
ಬೋನ ಪೊರ್ಬುಗಳ ಮೇಲಿನ ಸೆಟ್ಟಿಗೆ
ಎರಡೂವರೆ ಸಾವಿರ ಬಾಕಿ ಇತ್ತು.
ಹಡಗಿನ ಇಂಜಿನಿಗೆ ಮೂವತ್ತು ವರ್ಷ ಎಣ್ಣೆ ಬಿಟ್ಟ ಮನುಷ್ಯ
ಕ್ಲಿನಿಕ್ಕಿನ ಹಿಂಬಾಗಿಲಲ್ಲಿ ನಿಂತು
"ಡಾಕ್ಟ್ರಿಗೆ ಹೇಳ್ಬೇಡಿ, ಜಲಜಾಕ್ಷಿ ಬಾಯಿ"
(ಅವರ ಭಾಷೆಯಲ್ಲಿ ಹೆಂಗಸರೆಲ್ಲ ಬಾಯಿ)
ನಾಲ್ಕು ತುಂಡಿನ ಕೋಲನ್ನು ಬೈರಾಸಿನಲ್ಲಿ ಸುತ್ತಿ ಕೊಟ್ಟರು.
ಬಾಕಿ ನಾನು ಕಟ್ಟಿದೆ.

ನಾನು ಹಲ್ಲು ಮಾಡುವವಳು.
ಉಡುಪಿಯ ಒಂದು ಮಾಳಿಗೆಯಲ್ಲಿ ಹತ್ತೊಂಬತ್ತು ವರ್ಷ.
ಊರಿನ ಬಾಯಿಗಳು ನನ್ನ ಮೇಜಿಗೆ ಬರುವುದು
ಬಿಳಿ ಪ್ಲಾಸ್ಟರಿನಲ್ಲಿ, ನಂಬ್ರ ಹೊತ್ತು.
ನಾಲಗೆಯಿಲ್ಲ, ಎಂಜಲಿಲ್ಲ,
ಸುದ್ದಿಯಂತೂ ಇಲ್ಲವೇ ಇಲ್ಲ.

ಮೊದಲ ಮೂರು ಭಾನುವಾರ ನೀರಿಗೇ ಬಿಡಲಿಲ್ಲ.
ಗೇರುಮರದ ಬದಿಯ ಒಣಹುಲ್ಲಿನಲ್ಲಿ
ಗಾಳವಿಲ್ಲದ ದಾರ ಬೀಸುವುದು.
"ಭಾರ ಇರುವುದು ದಾರದಲ್ಲೇ, ಬಾಯಿ,
ತುದಿಯದು ಬರೀ ಗರಿ, ಅದಕ್ಕೇನು ತೂಕ?
ಮಣಿಕಟ್ಟು ಮಡಚಬೇಡಿ, ಕಡೆಗೋಲಲ್ಲ ಅದು.
ಹಿಂದಕ್ಕೆ ಬೀಸಿ. ರಾವ್.
ರಾವ್... ಬೆನ್ನ ಹಿಂದೆ ಪೂರಾ ಬಿಚ್ಚಿಕೊಳ್ಳಲಿ...
ಆತಾಂ!"
ಆತಾಂ ಅನ್ನುವಾಗ ನಾನೇ ಕೂರಿಸಿದ ಮೇಲ್ಸಾಲು
ಒಂದು ನೂಲಿನಷ್ಟು ಜಾರುತ್ತಿತ್ತು.
ಅದನ್ನೇ ನೋಡುತ್ತ ನಾನು ಹೊತ್ತು ತಪ್ಪುತ್ತಿದ್ದೆ.

ಕಾಯುವುದು ನನಗೆ ಹೊಸತೇನಲ್ಲ:
ಪ್ಲಾಸ್ಟರು ಗಟ್ಟಿಯಾಗಲು, ಮೇಣ ಕರಗಲು,
ಏಳೂಮುಕ್ಕಾಲರ ಬಸ್ಸಿಗೆ.
ಆದರೆ ಕಾಣದ ಕಡೆಗೆ ಬೆನ್ನು ಕೊಟ್ಟು
ಅಲ್ಲೇನಾಯಿತೆಂದು ತಿರುಗದೆ
ತೋಳಿಗೆ ತಿಳಿಯುವ ತನಕ ಕಾಯುವುದು?
ತಿರುಗಿದೆ.
ಸಿಕ್ಕಿದ್ದು ಗೇರುಮರ,
ಮತ್ತೆ ನನ್ನದೇ ಶಾಲು,
ಒಮ್ಮೆ ಪೊರ್ಬುಗಳ ಟೊಪ್ಪಿ.

ನೊಣ ಕಟ್ಟುವುದು ಮಾತ್ರ ಒಂದೇ ಸಂಜೆಗೆ ಬಂತು.
ಪಕ್ಕದ ಮನೆ ಕೊರಗಪ್ಪಣ್ಣನ ಅಂಕದ ಹುಂಜ
ಸೋತು ಸಾರಾದ ದಿನ
ಕೊರಳ ಗರಿ ನಾಲ್ಕು ಕೇಳಿ ತಂದೆ.
ಹಲ್ಲಿನ ಸಂದಿಗೆ ಹಾಕುವ ಮೇಣದ ನೂಲು,
ನನ್ನ ಚಿಮುಟ, ನನ್ನ ದೀಪ.
ಮೀನಿಗೆ ಸುಳ್ಳು ಹೇಳುವುದು
ಹಲ್ಲಿಲ್ಲದವರ ನಗುವಿಗೆ ಸುಳ್ಳು ಕೂರಿಸುವುದಕ್ಕಿಂತ
ಕಷ್ಟದ್ದೇನಲ್ಲ.

ಮರುವಾಯಿ ಹೆಕ್ಕಿ ದೋಣಿ ತಂದ ವಾಸು ಕುಂದರ್
ಜಲ್ಲೆ ಊರಿ ನಿಂತು ನೋಡಿದ.
"ಎರೆಹುಳ ಇಲ್ಲವಾ? ಸಿಗಡಿ ತುಂಡಾದರೂ?
ಗರಿ ತಿನ್ನಲಿಕ್ಕೆ ಮೀನಿಗೇನು ಮಂಡೆ ಸಮ ಇಲ್ಲವಾ?"
ಮೀನಿಗೆ ಸಮ ಇತ್ತು. ಹತ್ತು ವಾರ ಇತ್ತು.
ವಾರ ವಾರ ದಾರಿಯಲ್ಲಿ ದೇಜಮ್ಮಕ್ಕನ ಬುಟ್ಟಿ.
"ಇವತ್ತೂ ನಿಮ್ಮ ಗಾಳಕ್ಕೆ ಬಂಗುಡೆಯೇ ಬಿದ್ದದ್ದಾ?"
ಎಂದು ಎಲೆಯಲ್ಲಿ ಎಂಟು ಕಟ್ಟಿ ಕೊಡುವಳು,
ಒಂದು ಹೆಚ್ಚಿಗೆ, ಪಾಪ ಎಂದು.

ಹನ್ನೊಂದನೆಯ ವಾರ. ಇಳಿತ.
ಸುವರ್ಣೆ ಕಾಂಡ್ಲದ ಬೇರು ಬಿಟ್ಟು ಕೆಳಗಿಳಿದಿದ್ದಳು.
ಪೊರ್ಬುಗಳು ಹಲ್ಲು ಕಿಸೆಗೆ ಹಾಕಿ
ಮರದಡಿ ನಿದ್ದೆ.
ಹಿಂದಕ್ಕೆ ಬೀಸಿದೆ.
ಯಾರೂ ಏನೂ ಅನ್ನಲಿಲ್ಲ.
ಒಂದು ತೂಕ, ಬೆನ್ನ ಹಿಂದಿನಿಂದ,
ಮಗು ಸೆರಗು ಜಗ್ಗಿದ ಹಾಗೆ.
ಬಿಟ್ಟೆ. ದಾರ ಹೋಯಿತು, ನೆಟ್ಟಗೆ, ಸದ್ದಿಲ್ಲದೆ,
ಗರಿ ಬೇರಿನ ಹತ್ತಿರ ಕೂತಿತು,
ಕೂತದ್ದು ಕಾಣಲಿಲ್ಲ.

ಕೆಂಬೇರಿ ಮರಿ. ಅಂಗೈಯುದ್ದ.
ಗಾಳ ಬಿಡಿಸಲು ಬೆರಳು ಹಾಕಬೇಕಾಯಿತು.
ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು
ಒಂದು ಬಾಯಿ ನನ್ನ ಬೆರಳ ಸುತ್ತ ಮುಚ್ಚಿದ್ದು.
ತಣ್ಣನೆ, ಒರಟು ಅಂಗುಳ,
ಮುಂದೆ ಯಾರೂ ಅಳತೆ ಕೊಡದ
ಎರಡು ಕೋರೆ.
ಕಚ್ಚಿತು. ರಕ್ತ ಬಂತು, ನನ್ನದೇ.
ಬಿಟ್ಟೆ ಎಂದರೆ ಸುಳ್ಳು. ಜಾರಿತು.
ಹಿಡಿಯಲು ಹೋಗಲಿಲ್ಲ, ಅಷ್ಟೆ.
ಎದ್ದ ಪೊರ್ಬುಗಳು ಬೋಳು ವಸಡಿನಲ್ಲಿ
"ಶಾರಿಗೆ ಆಗ್ತಿತ್ತಲ್ಲ" ಅಂದರು.

ಸೋಮವಾರ ಮೇಜಿನ ಮೇಲೆ ಇನ್ನೂರ ಹದಿನೆಂಟು.
ಕೆಳಸಾಲು, ಎಡಗಡೆ ತೀರಾ ಸವೆದದ್ದು,
ಎಷ್ಟೋ ವರ್ಷ ಒಂದೇ ಬದಿಯಲ್ಲಿ ಅಗಿದವರದು.
ಮೇಣದ ಚೂರಿ ಕೆಳಗಿಟ್ಟೆ.
ಮೆಟ್ಟಿಲಿಳಿದು ಕೌಂಟರಿನ ಹುಡುಗಿಯನ್ನು ಕೇಳಿದೆ,
"ಇದು ಯಾರದ್ದು ಮಾರಾಯ್ತಿ?"
ಅವಳು ನನ್ನನ್ನೊಮ್ಮೆ ನೋಡಿ ರಿಜಿಸ್ಟರು ತಿರುವತೊಡಗಿದಳು.
ಬೆರಳಿಗೆ ಬಟ್ಟೆ ಸುತ್ತಿಕೊಂಡು
ಅಲ್ಲೇ ನಿಂತಿದ್ದೆ.