ಎರಡನೇ ಬಹುಮಾನ

ಹಾಸ್ಟೆಲಿಗೆ ಹೋದ ಡಬ್ಬಿ ಹಿಂದಕ್ಕೆ ಬರುವುದಿಲ್ಲ.
ಕೊಬ್ಬರಿಮಿಠಾಯಿಯದು ಬಳ್ಳಾರಿಯಲ್ಲಿದೆ, ಮಗಳ ಮಂಚದ ಕೆಳಗೆ;
ಚಟ್ನಿಪುಡಿಯದು ಮಗನ ಜೊತೆ ರೈಲು ಹತ್ತಿ
ಯಾವುದೋ ಕಂಟೋನ್ಮೆಂಟು ಸೇರಿದೆ.
ಅವನ ದನಿ ಈಚೆಗೆ ದಪ್ಪವಾಗಿದೆ,
"ಊಟ ಆಯ್ತಮ್ಮ" ಅಂದು ನಿಂತುಬಿಡುತ್ತದೆ.

ಇವರು ತಿರುಪತಿ ಬಸ್ಸಿನ ಡ್ರೈವರು.
ರಾತ್ರಿ ಹತ್ತಕ್ಕೆ ಚಿಂತಾಮಣಿ ಬಿಟ್ಟರೆ
ನನ್ನ ಪಾಲಿಗೆ ಫ್ರಿಜ್ಜಿನ ಗುಂಯ್, ಗೋಡೆಯ ಹಲ್ಲಿ.
ಮೊದಮೊದಲು ಮಗಳ ಕೋಣೆಯ ದೀಪ ಹಾಕಿಟ್ಟು
ಒಂದು ಗಂಟೆ ಬಿಟ್ಟು ಹೋಗಿ ಬೈಯುತ್ತಿದ್ದೆ,
"ಕರೆಂಟು ಬಿಲ್ಲು ಯಾರೇ ಕಟ್ತಾರೆ?"
ಮಂಚ ಎದುರು ಮಾತಾಡುತ್ತಿರಲಿಲ್ಲ.

ಭಾನುವಾರ ತರಕಾರಿಯವನು ಕೇಳಿದ, "ಏಂ ಕಾವಾಲಮ್ಮಾ?"
ಅವಳಿಗೆ ಬದನೆ ಆಗದು, ಅವನಿಗೆ ಸೊಪ್ಪು ಸೇರದು.
ನನಗೆ?
ತಕ್ಕಡಿ ಹಿಡಿದುಕೊಂಡೇ ಕಾದ, ಪಾಪ.
ಏನಾದರೂ ಅನ್ನಬೇಕಲ್ಲ,
ಅರ್ಧ ಕೇಜಿ ಅವರೆಕಾಯಿ ಅಂದೆ.

ಸುಲಿದರೆ ಎರಡು ಹಿಡಿ ಕಾಳು.
ಹಾಕಿಡಲು ಡಬ್ಬಿಯಿಲ್ಲದೆ ಅಟ್ಟದಿಂದ
ಹುಣಸೆಹಣ್ಣಿನ ಹಳೇ ಸ್ಟೀಲು ಡಬ್ಬಿ ಇಳಿಸಿ
ತೆಂಗಿನ ನಾರಿನಲ್ಲಿ ತಿಕ್ಕಿದೆ, ತಿಕ್ಕಿದೆ.
ಇಪ್ಪತ್ತೆಂಟು ವರ್ಷದ ಜಿಡ್ಡು ಬಿಟ್ಟ ತಳದಲ್ಲಿ
ಚುಕ್ಕಿ ಚುಕ್ಕಿ ಅಕ್ಷರ:
ಎನ್. ಮುನಿಲಕ್ಷ್ಮಿ, ಒಂಬತ್ತನೇ 'ಬಿ',
ಉದ್ದ ಜಿಗಿತ, ಎರಡನೇ ಬಹುಮಾನ.

ಮೊದಲನೆಯದು ಕೈವಾರದ ಹುಡುಗಿಗೆ.
ಬರೀ ನಾಲ್ಕು ಬೆರಳು ಹೆಚ್ಚು ಹಾರಿದ್ದಳು, ಜಡೆ ಬಿಚ್ಚಿ.
ರಾತ್ರಿಯೆಲ್ಲ ಆ ನಾಲ್ಕು ಬೆರಳಿನ ಮೇಲೇ ಸಿಟ್ಟು.
ಮಕ್ಕಳ ನೆನಪಾದಾಗ ಮಸೀದಿಯಲ್ಲಿ ಬೆಳಗಿನ ಕೂಗು,
ಇಷ್ಟು ತಡ ಯಾವತ್ತೂ ಆಗಿರಲಿಲ್ಲ.

ಎದುರು ಸೈಟಿನಲ್ಲಿ ಖುರ್ಷಿದಾ ಮಹಡಿ ಕಟ್ಟಿಸುತ್ತಿದ್ದಾಳೆ.
ಮಂಜು. ಹಾಲಿನ ವ್ಯಾನೂ ಬಂದಿಲ್ಲ.
ಮರಳು ಹರವಿ ಬಿದ್ದಿದೆ, ನೆನೆದು,
ನಾಯಿಯ ಹೆಜ್ಜೆ ಬಿಟ್ಟರೆ ಮತ್ತಾರದೂ ಇಲ್ಲ.
ಚಪ್ಪಲಿ ಬಿಟ್ಟೆ. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ
ಹಿಂದೆ ಹಿಂದೆ ಹೋದೆ, ಚರಂಡಿಯವರೆಗೂ ಹೋದೆ.
ಆಮೇಲೆ ಓಡಿದೆ.

ಬಾಯಿತುಂಬ ಮರಳು. ಮಂಡಿಯಲ್ಲಿ ಉರಿ.
ಹಿಮ್ಮಡಿಯ ಗುಳಿಯಿಂದ ಗೇಣು ಹಾಕಿ ಅಳೆಯುತ್ತಿದ್ದೆ,
ಮಹಡಿಯ ಮೇಲಿಂದ ಟಾರ್ಚು:
"ಯಾರದು, ಮರಳು ಕದಿಯೋದು?"
"ನಾನು ಕಣೇ."
"ಏನ್ಮಾಡ್ತಿದೀಯ ಅಲ್ಲಿ?"
"ಹಾರ್ತಿದೀನಿ."

ಬೆಳಕು ಸ್ವಲ್ಪ ಹೊತ್ತು ನನ್ನ ಮುಖದ ಮೇಲೇ ನಿಂತಿತ್ತು.
ಆಮೇಲೆ ಮೆಲ್ಲಗೆ ಸರಿದು
ಹೋಗಿ ಬಿತ್ತು ಚರಂಡಿಯ ಹತ್ತಿರ,
ನಾನು ಮತ್ತೆ ಓಡಿ ಬರಬೇಕಾದ ಜಾಗದಲ್ಲಿ.