ಹತ್ತಡಿ, ಹತ್ತಡಿ, ಒಂಬತ್ತೂವರೆ

ಕೋಣೆಯ ಅಳತೆ ಮೊದಲೇ ಹೇಳಿಬಿಡುತ್ತೇನೆ, ಅದೇ ಅದರ ರೋಗ:
ಹತ್ತಡಿ ಉದ್ದ, ಹತ್ತಡಿ ಅಗಲ, ಎತ್ತರ ಒಂಬತ್ತೂವರೆ.
ಚಪ್ಪಾಳೆ ಹೊಡೆದರೆ
ಒಳಗೆ ಸಿಕ್ಕಿಕೊಂಡ ಗುಬ್ಬಿಯ ಹಾಗೆ
ಗೋಡೆಯಿಂದ ಗೋಡೆಗೆ ಪಟಪಟ ಬಡಿದುಕೊಂಡು
ತಡವಾಗಿ ಸಾಯುತ್ತಿತ್ತು ಸದ್ದು.

ಅಶೋಕಪುರಂ, ಮಹಡಿ ಮೇಲೆ, ನೀರಿನ ಟ್ಯಾಂಕಿನ ಪಕ್ಕ.
ಕೈಯಲ್ಲಿ ಐದು ಸಾವಿರದ ಇನ್ನೂರು,
ಆ ಇನ್ನೂರು ತಂಗಿಯದು.

ಎಲ್ಲರೂ ಮೊಟ್ಟೆ ಟ್ರೇ ಅಂದರು.
ಕೋಳಿ ಅಂಗಡಿಯ ಮುನಾವರ್ ಅರವತ್ತು ಟ್ರೇ ಪುಕ್ಕಟೆ ಕೊಟ್ಟ.
ಅಂಟಿಸಿದೆ. ಮೇಲಿನ ಕೀರಲು ಕೊಂಚ ಕುಗ್ಗಿತು,
ತಳದ ಗುಂಯ್ ಕದಲಲಿಲ್ಲ.
ಮೂರನೇ ದಿನ ಇರುವೆ ಬಂದವು.
ಕಿತ್ತು, ಕಟ್ಟಿ, ವಾಪಸ್ಸು ಕೊಟ್ಟೆ.
"ಹಾಡ್ಲಿಲ್ವಾ ನನ್ ಟ್ರೇ?" ಅಂದ.

ಆಮೇಲೆ ಸರಿಯಾದದ್ದು:
ಮೇಟಗಳ್ಳಿಯಲ್ಲಿ ಶೈತ್ಯಾಗಾರ ಕೆಡವಿದ ಕಂಟ್ರಾಕ್ಟರನ ಹತ್ತಿರ
ಕೇಜಿ ಲೆಕ್ಕದಲ್ಲಿ ರಾಕ್‌ವೂಲ್,
ಬಂಬೂ ಬಜಾರಿನ ಮರದ ಪಟ್ಟಿ,
ಹೊದಿಸಲು ಅಮ್ಮನ ಹತ್ತಿ ಸೀರೆ ಮೂರು.
"ಬಾಳೆಕಾಯಿ ಬಣ್ಣದ್ದು ಮುಟ್ಬೇಡ" ಎಂದು ಒಂದನ್ನು ಕಿತ್ತುಕೊಂಡಳು.
ಮೈಯೆಲ್ಲ ತುರಿಕೆ. ಎರಡು ರಾತ್ರಿ
ಕೊಬ್ಬರಿ ಎಣ್ಣೆ ಬಳಿದುಕೊಂಡು ಮಲಗಿದೆ.

ಎಲ್ಲಿಡುವುದು?
ಇರುವುದು ಆರು ಹಲಗೆ. ಗೋಡೆಗೆ ಅರವತ್ತರ ಹಸಿವು.
ನಾನು ಕುರ್ಚಿಯಲ್ಲಿ ಕೂತೆ. ತಂಗಿ ಸಂಘಮಿತ್ರ
ಬಚ್ಚಲ ಕನ್ನಡಿ ಹಿಡಿದು
ಗೋಡೆಗುಂಟ ಗೇಣು ಗೇಣೇ ಜರುಗಿದಳು.
ಕನ್ನಡಿಯೊಳಗೆ ಸ್ಪೀಕರು ಕಂಡಲ್ಲಿ, ನಿಲ್ಲು,
ಸದ್ದು ಮೊದಲು ಮುಗ್ಗರಿಸುವುದು ಅಲ್ಲೇ.
ಎಡಕ್ಕೊಂದು, ಬಲಕ್ಕೊಂದು,
ನೆತ್ತಿಯ ಮೇಲೆ, ಫ್ಯಾನಿನ ಕೊಂಡಿ ತಪ್ಪಿಸಿ, ಒಂದು.

ಉಳಿದವು ಮೂಲೆಗೆ.
ಯಾವ ಮೂಲೆಗೆ?
ಆಗ ಅಪ್ಪ ಮೆಟ್ಟಿಲು ಹತ್ತಿ ಬಂದರು.

ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ
ಸುತ್ತಿಗೆಯಲ್ಲಿ ಗಾಲಿ ತಟ್ಟಿದವರು ದೊಡ್ಡಸಿದ್ದಯ್ಯ.
ಠಣ್ ಅಂದರೆ ಒಳ್ಳೇದು. ಡಬ್ ಅಂದರೆ ಬಿರುಕು.
ಬಿರುಕಿಗೆ ಸೀಮೆಸುಣ್ಣದ ಕತ್ತರಿ ಗುರುತು.
ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದರು,
ಪಿಂಚಣಿ ಕಾಗದದಲ್ಲಿ ಅದರ ಲೆಕ್ಕವಿಲ್ಲ.

ನಗಾರಿಯ ರೆಕಾರ್ಡು ಹಾಕಿದೆ.
ಅವರು ಕೇಳಲಿಲ್ಲ. ನಾಲ್ಕು ಮೂಲೆಗೂ ಹೋಗಿ
ಅಂಗೈ ಇಟ್ಟರು, ಮಗುವಿನ ಜ್ವರ ನೋಡುವಂತೆ.
"ಇಲ್ಲಿ ಜಾಸ್ತಿ ಕುಂತದೆ." ಕಿಟಕಿ ಪಕ್ಕದ್ದು.
"ಇಲ್ಲೂವೆ." ಬಾಗಿಲ ಹಿಂದಿನದು.
ಅಲ್ಲಿ ಓರೆಯಾಗಿ ನಿಲ್ಲಿಸಿದೆವು,
ಬೆನ್ನಿಗೆ ಒಂದು ಚೋಟು ಗಾಳಿ ಬಿಟ್ಟು.

ಆರನೆಯದನ್ನು ಹಿಂದಿನ ಗೋಡೆಗೆ ಹೊಡೆದೆ,
ಸಾಲದೆಂದು ಕಂಬಳಿ, ಹಳೇ ಹಾಸಿಗೆ, ಶಾಲೆಯ ಸ್ವೆಟರು ಕೂಡ.
ಚಪ್ಪಾಳೆ ಹೊಡೆದೆ.
ಸದ್ದು ಕೈಯಿಂದ ಜಾರಿ ಕೆಳಗೆ ಬಿತ್ತು, ಏಳಲಿಲ್ಲ.
ಎಂಥ ಹಿಗ್ಗು ನನಗೆ!

ಅಪ್ಪ ಬಲಗಿವಿ ತಿರುಗಿಸಿ, "ಇನ್ನೊಂದ್ಸಲ" ಅಂದರು.
ಹೊಡೆದೆ.
ಈಗಲೂ ಯಾಕೆ ಜೇಬಿನಲ್ಲಿ ಇಟ್ಟುಕೊಂಡಿದ್ದಾರೋ,
ಸೀಮೆಸುಣ್ಣದ ತುಂಡು ತೆಗೆದು
ಕಂಬಳಿಯ ಮೇಲೆ ದೊಡ್ಡದೊಂದು ಕತ್ತರಿ ಎಳೆದರು.
"ಬಿರುಕು ಬಿಟ್ಟದೆ. ಓಡಿಸ್ಬೇಡ."

ಇದು ಗಾಲಿಯಲ್ಲ ಅಪ್ಪಾ, ಅನ್ನುವಷ್ಟರಲ್ಲಿ
ಅವರು ಅರ್ಧ ಮೆಟ್ಟಿಲು ಇಳಿದಿದ್ದರು.

ಮಿತ್ರ ಮೈಕಿನ ಮುಂದೆ ಕೂತು ಓದಿದಳು,
ಕಣ್ಣು ಕಾಣದ ಮಕ್ಕಳಿಗೆಂದು ಏಳನೇ ಕ್ಲಾಸಿನ ವಿಜ್ಞಾನ,
ಬೆಳಕಿನ ಪಾಠ: ಬಿದ್ದ ಕೋನದಲ್ಲೇ ಅದು ಹಿಂತಿರುಗುತ್ತದಂತೆ.
ಹೆಡ್‌ಫೋನಿನಲ್ಲಿ ಕೇಳಿದೆ.
ಹತ್ತಿಯಲ್ಲಿ ಸುತ್ತಿ ಡಬ್ಬಿಗಿಟ್ಟ ಬಳೆ ಅವಳ ದನಿ.
ಒಡೆಯುವುದಿಲ್ಲ, ನುಡಿಯುವುದೂ ಇಲ್ಲ.

ಊಟ ಆದ ಮೇಲೆ ಕಂಬಳಿ ಇಳಿಸಿದೆ, ಹಾಸಿಗೆ ಇಳಿಸಿದೆ.
ಆರನೇ ಹಲಗೆ ಈಗ ಮಂಚದ ಕೆಳಗಿದೆ.
ಇನ್ನೊಮ್ಮೆ ಓದಿದಳು. ವಾಕ್ಯದ ತುದಿಗೆ ಅಷ್ಟೇ ಅಷ್ಟು
ಕೋಣೆ ಬಂದು ಕೂತಿತು.

ನಡುವೆ ಚಾಮರಾಜನಗರದ ಗಾಡಿ ಕೂಗಿತು, ಪೂರ್ತಿ ಕೇಳಿಸಿತು.
ಈ ಹಲಗೆಗಳು ಹೊರಗಿನದನ್ನು ತಡೆಯುವುದಿಲ್ಲ,
ಒಳಗಿನದು ತಿರುಗಿ ಬೀಳುವುದನ್ನಷ್ಟೇ.
ಅಂಗಡಿಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ.

"ಅಳಿಸ್ಲಾ, ಮತ್ತೆ ಓದ್ಲಾ?" ಅಂದಳು.
ಕೆಳಗೆ ಅಪ್ಪ ಒಂದೇ ಕಿವಿಯಲ್ಲಿ
ಗಾಲಿ ಎಣಿಸುತ್ತಿದ್ದರೇನೋ.
ಗಾಡಿ ದಾಟಲಿ, ಅಂದೆ.