ತಲಿ ಎಣಿಕಿ

ನಮ್ಮ ಕ್ಲಾಸಿನ್ಯಾಗ ಐವತ್ತೆಂಟು ಮಂದಿ.
ಬೆಂಬಲದ ಹಾಳಿ ಬಂದಾಗ
ಐವತ್ತೊಂದು ಸಹಿ ಬಿದ್ದುವು.
ಒಂದ ಪೆನ್ನು, ಬೆಂಚಿನಿಂದ ಬೆಂಚಿಗೆ.
ಹಿಂದಿನ ಸಾಲಿನ ನದಾಫ ಓದದನ ಗೀಚಿದ:
"ಏನರ ಇರಲಿ, ಮುಂದ ಕೊಡ."

ಮೊದಲನೇ ದಿವಸ ಟೆಂಟಿಗೆ ಹೋದವರು ಇಪ್ಪತ್ತಾರು.
ನಾಕನೇ ದಿವಸ ಒಂಬತ್ತು,
ಅದರಾಗ ಇಬ್ಬರು ಫೋನ್ ಚಾರ್ಜಿಗೆ ಇಡಾಕ.
ಉಳಿದವರು ಸಪ್ತಾಪುರದ ರೂಮಿನ್ಯಾಗ
ಪಿಎಸ್‌ಐ ಹಳೇ ಪ್ರಶ್ನೆಪತ್ರಿಕಿ ಬಿಡಿಸಕೋತ,
ಇಲ್ಲಾ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ.
ಇಂಟರ್ನಲ್ ಮುಂದ ಹೋತಂತ
ಹಾಸ್ಟೆಲ್ಲಿನ್ಯಾಗ ಶೀಟಿ ಹೊಡದವರೊಳಗ
ನಂದೂ ಒಂದ ಶೀಟಿ ಇತ್ತು. ಸುಳ್ಳ ಯಾಕ ಹೇಳಲಿ.

ಫೀ ಕಟ್ಟೇವಿ ನಾವು, ಅಂದ್ಲು ಶಿವಗಂಗಾ.
ಮೇಡಂಗ ಆರು ತಿಂಗಳ ಪಗಾರಿಲ್ಲ, ಅಂದೆ ನಾ.
ಎರಡೂ ಖರೇ ಇದ್ವು.
ತಾಟಿನ್ಯಾಗ ಬದನಿಕಾಯಿ ಪಲ್ಯೆ ಆರಿತು.

ಸಂಖ್ಯಾಶಾಸ್ತ್ರ ಕಲಸೋರು ಕಮ್ಮಾರ ಮೇಡಂ,
ಹನ್ನೊಂದು ವರ್ಷದ ಅತಿಥಿ,
ಸ್ಟಾಫ್ ರೂಮಿನ್ಯಾಗ ಇನ್ನೂ ಒಂದ ಡ್ರಾವರ್ ಕೊಟ್ಟಿಲ್ಲ.
ಒಮ್ಮೆ ಹೇಳಿದ್ರು: ಕೈ ಎತ್ರಿ ಅಂದ್ರ ಎಲ್ಲಾರೂ ಎತ್ತತಾರ.
ಎತ್ತಿದ ಕೈ ಎಷ್ಟೊತ್ತು ಮ್ಯಾಲ ಇರತೈತಿ,
ಅದನ್ನ ಅಳಿಯೋ ಸೂತ್ರ
ನಿಮ್ಮ ಸಿಲೆಬಸ್ಸಿನ್ಯಾಗಿಲ್ಲ.

ಹದಿನಾರನೇ ದಿವಸ ನಾನೂ ಹೋದೆ, ಡಿಸಿ ಆಫೀಸ್ ಮುಂದ.
ಬೆಂಬಲಕ್ಕಲ್ಲ.
ಸ್ಕಾಲರ್‌ಶಿಪ್ ಫಾರ್ಮಿಗೆ ಸಹಿ ಬೇಕಿತ್ತು,
ಮರುದಿನ ಕಡೇ ತಾರೀಖು.
ಮೇಡಂ ಬೇಡಿಕಿ ಬರದ ರಟ್ಟು ತೊಡಿ ಮ್ಯಾಲ ಇಟಗೊಂಡು
ಫಾರ್ಮು ಪೂರ್ತಿ ಓದಿದ್ರು,
ನನ್ನ ತಪ್ಪು ಎರಡು ತಿದ್ದಿದ್ರು,
ಆಮ್ಯಾಲ ಪೆನ್ನಿನ ಟೊಪಿಗಿ ಮುಚ್ಚಿದ್ರು.
"ನನ್ನ ಸಹಿ ನಡಿಯೂದಿಲ್ಲವಾ.
ಪರ್ಮನೆಂಟ್ ಇದ್ದವರದ ಬೇಕು."

ನನಗ ಆ ಐವತ್ತೊಂದು ನೆನಪಾದುವು.

ಏಳಬೇಕಂದೆ, ಏಳಾಕ ಆಗಲಿಲ್ಲ.
ಯಾರೋ ಹಾಳ್ಯಾಗ ಗಿರ್ಮಿಟ್ ಕೊಟ್ರು,
ಉಳ್ಳಾಗಡ್ಡಿ ಖಾರಿತ್ತು, ಕಣ್ಣಾಗ ನೀರು ಅದಕ್ಕ.
ಅಷ್ಟರಾಗ ಪಟ್ಟಿ ಹಿಡಕೊಂಡ ಸರ್ ಒಬ್ಬರು
ಬಟ್ಟು ತೋರಿಸಕೋತ ಬಂದ್ರು, ಸಾಲಿನಿಂದ ಸಾಲಿಗೆ:
ನೂರಾ ಹದಿನೈದು, ನೂರಾ ಹದಿನಾರು...
ನನ್ನ ನೆತ್ತಿ ಮ್ಯಾಲ ಬಂದು ಬಟ್ಟು ನಿಂತಿತು.
ಬಾಯಾಗ ಚುರಮುರಿ ತುಂಬಿತ್ತು,
ನಾ ಅಲ್ಲರಿ ಅನ್ನಾಕ ಆಗಲಿಲ್ಲ.

ನೂರಾ ಹದಿನೇಳು.

ಮೇಡಂ ನನ್ನ ಕಡೆ ನೋಡಲಿಲ್ಲ.
ಗಾಳಿ ಎದ್ದಿತ್ತು. ಫಾರ್ಮು ಹಾರಿ ಹೋಗಬಾರದಂತ
ತಮ್ಮ ನೀರಿನ ಬಾಟ್ಲಿ
ಅದರ ಮ್ಯಾಲ ಇಟ್ರು.